ಕಾಯುವ ಕಾಲವೂ ಪ್ರಸಾದ



ಹಿಂದಿನ ಕಾಲದಲ್ಲಿ ಸಮಯವನ್ನು ಅಳೆಯಲು ಗಳಿಗೆಬಟ್ಟಲೆಂಬ ಸಾಧನವಿತ್ತು. ತಳದಲ್ಲಿ ಸೂಕ್ಷ್ಮವಾದ ರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಡುವುದು. ನೀರು ಮೆಲ್ಲಮೆಲ್ಲನೆ ಒಳಗೇರಿ ಬಟ್ಟಲು ಮುಳುಗಿದೊಡನೆ ಒಂದು ಗಳಿಗೆ ಸಂದಿತೆಂದು ತಿಳಿಯುವುದು. 60 ವಿಗಳಿಗೆಗಳು ಕೂಡಿದರೆ ಒಂದು ಗಳಿಗೆ. 60 ಗಳಿಗೆಗಳು ಕೂಡಿದರೆ ಒಂದು ಹಗಲಿರುಳು. ಈಗಿನ ಲೆಕ್ಕಕ್ಕೆ ಗಳಿಗೆಯೆಂದರೆ 24 ನಿಮಿಷ. ಮದುವೆಯ ಚಪ್ಪರದಲ್ಲಿ ಇಟ್ಟ ಬಟ್ಟಲೂ ರೋಗಿಯ ಮಂಚದ ಬಳಿ ಇಟ್ಟ ಬಟ್ಟಲೂ ಒಂದೇ ವೇಗದಿಂದ ತುಂಬುತ್ತಿದ್ದವು. ಬಟ್ಟಲಿಗೆ ಪಕ್ಷಪಾತವಿಲ್ಲ. ಆದರೆ ಚಪ್ಪರದಲ್ಲಿದ್ದವನಿಗೆ ಗಳಿಗೆಯು ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ಕಳೆದುಹೋಗುತ್ತಿತ್ತು. ಮಂಚದ ಬಳಿ ಕುಳಿತವನಿಗೆ ಯುಗವಾಗಿ ಪರಿಣಮಿಸುತ್ತಿತ್ತು. ಹಾಗಾದರೆ ದೀರ್ಘವಾದುದು ಯಾವುದು? ಕಾಲವೋ, ಕಾಯುವವನ ಮನಸ್ಸೋ?

ಈ ಪ್ರಶ್ನೆಯು ಕೇವಲ ಪಂಡಿತರ ವಾದಕ್ಕೆ ಮೀಸಲಾದುದಲ್ಲ. ಸಂಸಾರದಲ್ಲಿರುವ ಪ್ರತಿಯೊಬ್ಬನಿಗೂ ಇದು ಒಂದಲ್ಲ ಒಂದು ದಿನ ಎದುರಾಗುತ್ತದೆ. ಬಿತ್ತನೆ ಮುಗಿಸಿದ ಒಕ್ಕಲಿಗನು ಮೃಗಶಿರೆಯ ಆಕಾಶವನ್ನು ನೋಡುತ್ತ ಮಳೆಗಾಗಿ ಕಾಯುತ್ತಾನೆ. ಪರೀಕ್ಷೆ ಬರೆದ ಬಾಲಕನು ಫಲಿತಾಂಶಕ್ಕಾಗಿ ಕಾಯುತ್ತಾನೆ. ದೂರದ ದಾರಿ ಹಿಡಿದ ಮಗನು ಮನೆ ಮುಟ್ಟಿದ ಸುದ್ದಿಗಾಗಿ ತಾಯಿಯು ಹೊಸ್ತಿಲಲ್ಲಿ ಕಾಯುತ್ತಾಳೆ. ಮಾಡತಕ್ಕದ್ದನ್ನೆಲ್ಲ ಮಾಡಿಯಾಗಿದೆ, ಆಗತಕ್ಕದ್ದು ಇನ್ನೂ ಆಗಿಲ್ಲ. ಈ ಎರಡರ ನಡುವಣ ಬಯಲಿನಲ್ಲಿಯೇ ಕಳವಳವು ಹುಟ್ಟುತ್ತದೆ.

ಚಿಂತೆಯಲ್ಲಿ ಎರಡು ಬಗೆಯುಂಟು. ಮಾಳಿಗೆ ಸೋರುತ್ತಿದೆಯೆಂದು ಚಿಂತಿಸಿದವನು ಮಳೆಗಾಲಕ್ಕೆ ಮೊದಲೇ ಅದನ್ನು ಸರಿಪಡಿಸುತ್ತಾನೆ. ಇಂಥ ಚಿಂತೆಯು ಕೈಗೆ ಕೆಲಸವನ್ನು ಕೊಟ್ಟು ತಾನು ಹಿಂದೆ ಸರಿಯುತ್ತದೆ. ಇದು ವಿವೇಕದ ಸೇವಕ. ಎರಡನೆಯ ಬಗೆಯ ಚಿಂತೆಗೆ ಮಾಡಲು ಕೆಲಸವೇ ಉಳಿದಿರುವುದಿಲ್ಲ. ಆಗ ಮನಸ್ಸು ಇರುವ ಸ್ಥಳವನ್ನು ಬಿಟ್ಟು ಮುಂದಿನ ಗಳಿಗೆಗೆ ಹಾರುತ್ತದೆ. ಅಲ್ಲಿ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಏಕೆಂದರೆ ಮುಂದಿನ ಗಳಿಗೆಯು ಇನ್ನೂ ಹುಟ್ಟಿಯೇ ಇಲ್ಲ. ಬರಿಗೈಯಲ್ಲಿ ಹಿಂತಿರುಗುತ್ತದೆ, ಮತ್ತೆ ಹಾರುತ್ತದೆ. ಒಂದು ನಿಮಿಷದೊಳಗೆ ನೂರು ಸಲ ಹೋಗಿ ಬಂದವನಿಗೆ ಆ ನಿಮಿಷವು ನೂರು ಹರದಾರಿಯ ಪ್ರಯಾಣದಂತೆ ದಣಿವನ್ನುಂಟುಮಾಡುವುದರಲ್ಲಿ ಆಶ್ಚರ್ಯವೇನು? ಅಷ್ಟೇ ಅಲ್ಲ, ಕಾಲವನ್ನೇ ದಿಟ್ಟಿಸಿ ನೋಡಿದಷ್ಟೂ ಅದು ನಿಧಾನವಾಗಿ ತೋರುವುದು ಮನಸ್ಸಿನ ಸ್ವಭಾವ. ಒಲೆಯ ಮುಂದೆ ಕುಳಿತು ಎಸರನ್ನೇ ನೋಡುವವಳಿಗೆ ಎಸರು ಬೇಗ ಕುದಿಯದು. ಅಕ್ಕಿಯನ್ನು ಆರಿಸುತ್ತ ಕುಳಿತವಳಿಗೆ ಅದು ಕುದಿದದ್ದೇ ತಿಳಿಯದು.

ಜಿಲ್ಲೆಯ ಪಟ್ಟಣವೊಂದರ ಆಸ್ಪತ್ರೆಯಲ್ಲಿ, ಶಸ್ತ್ರಚಿಕಿತ್ಸೆಯ ಕೊಠಡಿಯ ಹೊರಗೆ ಬಾಕಿನ ಮೇಲೆ ಕುಳಿತಿರುವ ಒಬ್ಬ ಗೃಹಸ್ಥನನ್ನು ಭಾವಿಸಿಕೊಳ್ಳಬಹುದು. ಮಗಳನ್ನು ಬೆಳಿಗ್ಗೆ ಒಂಬತ್ತು ಗಂಟೆಗೆ ಒಳಗೆ ಕರೆದೊಯ್ದಿದ್ದಾರೆ. ಮೂರು ತಾಸು ಹಿಡಿಯಬಹುದೆಂದು ವೈದ್ಯರು ಹೇಳಿದ್ದಾರೆ. ಅವನು ಗೋಡೆಯ ಗಡಿಯಾರವನ್ನು ನೋಡುತ್ತಾನೆ. ಅರ್ಧ ತಾಸಾದರೂ ಆಗಿರಬೇಕೆಂದುಕೊಂಡರೆ ಆರು ನಿಮಿಷ ಮಾತ್ರ ಸಂದಿದೆ. ಗಡಿಯಾರವೇ ಕೆಟ್ಟಿರಬೇಕೆಂದು ಜೇಬಿನ ಮೊಬೈಲನ್ನು ತೆಗೆದು ನೋಡುತ್ತಾನೆ. ಅದೂ ಆರೇ ನಿಮಿಷವೆನ್ನುತ್ತದೆ. ಏಳುತ್ತಾನೆ, ಬಾಗಿಲಿನವರೆಗೆ ನಡೆಯುತ್ತಾನೆ, ಮರಳಿ ಕೂಡುತ್ತಾನೆ. ದಾದಿಯೊಬ್ಬಳು ಅವಸರದಿಂದ ಹೊರಬಂದರೆ ಏನೋ ಕೆಟ್ಟದಾಯಿತೆಂದು ಎದೆ ನಡುಗುತ್ತದೆ. ಯಾರೂ ಹೊರಬರದಿದ್ದರೆ ಸುದ್ದಿಯನ್ನು ಮುಚ್ಚಿಡುತ್ತಿದ್ದಾರೆಂದು ಶಂಕೆ ಹುಟ್ಟುತ್ತದೆ. ಕಂಡದ್ದೂ ಕಾಣದ್ದೂ ಎರಡೂ ಭಯಕ್ಕೆ ಸಾಕ್ಷಿಯಾಗುತ್ತವೆ. ಪಕ್ಕದಲ್ಲಿ ಅವನ ವೃದ್ಧ ತಾಯಿ ಕುಳಿತಿದ್ದಾಳೆ. ಅವಳ ಕಣ್ಣುಗಳೂ ಒದ್ದೆಯಾಗಿವೆ. ಆದರೆ ಅವಳು ಗಡಿಯಾರವನ್ನು ನೋಡುತ್ತಿಲ್ಲ.

“ಅವ್ವಾ, ನಿನಗೆ ಹೆದರಿಕೆಯಿಲ್ಲವೆ?” ಎಂದು ಮಗನು ಕೇಳುತ್ತಾನೆ.

“ಇಲ್ಲದೆ ಏನಪ್ಪಾ? ಅವಳು ನನ್ನ ಮೊಮ್ಮಗಳು. ನೀನು ಎರಡು ವರ್ಷದವನಿದ್ದಾಗ ಜ್ವರ ಬಂದು ಮೂರು ರಾತ್ರಿ ಕಣ್ಣು ತೆರೆಯಲಿಲ್ಲ. ಮನೆಯಲ್ಲಿ ಗಡಿಯಾರವಿರಲಿಲ್ಲ. ಹಣೆಯ ಮೇಲಿನ ಬಟ್ಟೆ ಬಿಸಿಯಾದಾಗಲೆಲ್ಲ ತೆಗೆದು ನೀರಲ್ಲಿ ಅದ್ದಿ ಹಿಂಡಿ ಹಾಕುತ್ತಿದ್ದೆ. ಆ ರಾತ್ರಿಗಳು ಎಷ್ಟು ಉದ್ದವಾಗಿದ್ದವೋ ಈಗ ನೆನಪಿಲ್ಲ. ಬಟ್ಟೆ ಹಿಂಡಿದ್ದು ಮಾತ್ರ ಈ ಕೈಗೆ ಇನ್ನೂ ನೆನಪಿದೆ.”

“ಇಲ್ಲಿ ಹಿಂಡಲು ಬಟ್ಟೆಯೂ ಇಲ್ಲವಲ್ಲ ಅವ್ವಾ. ಬಾಗಿಲು ಮುಚ್ಚಿಬಿಟ್ಟಿದ್ದಾರೆ.”

“ಬಾಗಿಲ ಒಳಗಿನ ಕಾಯಕ ವೈದ್ಯರದು, ಅವರು ಮಾಡುತ್ತಾರೆ. ಹೊರಗಿನದು ನಮ್ಮದು. ನಿನ್ನ ಅಳಿಯ ನಿನ್ನೆ ರಾತ್ರಿಯಿಂದ ಒಂದು ತುತ್ತು ಮುಟ್ಟಿಲ್ಲ, ನೋಡಿದೆಯಾ?”

ಈ ತಾಯಿಯು ಯಾವ ಗ್ರಂಥವನ್ನೂ ಓದಿದವಳಲ್ಲ. ಆದರೆ ಅವಳ ಮಾತಿನಲ್ಲಿ ಶರಣಧರ್ಮದ ಸಾರವು ಅಡಗಿದೆ. ಭಯವಿಲ್ಲವೆಂದು ಅವಳು ನಟಿಸಲಿಲ್ಲ. ಭಯಪಡಬೇಡವೆಂದು ಮಗನನ್ನು ಗದರಿಸಲೂ ಇಲ್ಲ. ಮುಚ್ಚಿದ ಬಾಗಿಲಿನ ಕಡೆಗೆ ನೆಟ್ಟಿದ್ದ ಅವನ ಕಣ್ಣನ್ನು ಪಕ್ಕದಲ್ಲಿದ್ದ ಹಸಿದವನ ಕಡೆಗೆ ತಿರುಗಿಸಿದಳು.

ಕಳವಳಪಡುವುದೇ ಭಕ್ತಿಯ ಕೊರತೆಯೆಂದು ಹೇಳಿ ನೊಂದವರನ್ನು ಇನ್ನಷ್ಟು ನೋಯಿಸುವವರುಂಟು. ಶರಣರ ಚರಿತ್ರೆಯು ಈ ಮಾತಿಗೆ ಆಧಾರವನ್ನು ಕೊಡುವುದಿಲ್ಲ. ಸೊನ್ನಲಿಗೆಯ ಸಿದ್ಧರಾಮನ ಬಾಲ್ಯವನ್ನು ರಾಘವಾಂಕನು ತನ್ನ ಕಾವ್ಯದಲ್ಲಿ ವರ್ಣಿಸಿದ್ದಾನೆ. ದನ ಕಾಯುತ್ತಿದ್ದ ಆ ಬಾಲಕನ ಬಳಿಗೆ ಮಲ್ಲಯ್ಯನು ಜಂಗಮರೂಪದಿಂದ ಬಂದನು. ಅತಿಥಿಯ ಹಸಿವೆಯನ್ನು ತಣಿಸಲು ಬಾಲಕನು ಮನೆಗೆ ಓಡಿದನು. ಮರಳಿ ಬರುವಷ್ಟರಲ್ಲಿ ಮಲ್ಲಯ್ಯನಿರಲಿಲ್ಲ. ಹೋಗಿ ಬರುವ ಸ್ವಲ್ಪ ಸಮಯವೇ ಅವನಿಗೆ ಬಾಳಿನ ಅತ್ಯಂತ ದೀರ್ಘವಾದ ಅಗಲಿಕೆಗೆ ಮೊದಲಾಯಿತು. ಮಲ್ಲಯ್ಯನನ್ನು ಕೂಗಿ ಅತ್ತನು. ಶ್ರೀಶೈಲಕ್ಕೆ ಹೊರಟ ಯಾತ್ರಿಕರ ಜೊತೆಗೂಡಿದನು. ಬೆಟ್ಟವನ್ನು ಹತ್ತಿದ ಮೇಲೂ ಕಾಣದೆ, ಇನ್ನು ಕಾಯಲಾರೆನೆಂದು ಕಮರಿಗೆ ಹಾರಲು ಅಂಚಿಗೆ ಬಂದು ನಿಂತನು. ಆಗ ಮಲ್ಲಿಕಾರ್ಜುನನು ಕೈಹಿಡಿದು ಅವನನ್ನು ಉಳಿಸಿಕೊಂಡನೆಂದು ಕಥೆ.

ಇಲ್ಲಿ ಎರಡು ಅಂಶಗಳನ್ನು ಗಮನಿಸತಕ್ಕದ್ದು. ಮುಂದೆ ಶಿವಯೋಗಿಯೆನಿಸಿಕೊಂಡ ಮಹಾತ್ಮನೂ ಒಮ್ಮೆ ಕಾಯುವ ಶಕ್ತಿಯನ್ನು ಕಳೆದುಕೊಂಡಿದ್ದನು. ಆದಕಾರಣ ಕಾಯಲಾರದೆ ಕಣ್ಣೀರಿಡುವ ಸಾಮಾನ್ಯ ಗೃಹಸ್ಥನು ತನ್ನನ್ನು ಹೀನನೆಂದು ತಿಳಿಯಬೇಕಾಗಿಲ್ಲ. ಎರಡನೆಯದಾಗಿ, ಕೈಹಿಡಿದ ದೇವನು ಅವನನ್ನು ಬೆಟ್ಟದಲ್ಲಿಯೇ ನಿಲ್ಲಿಸಿಕೊಳ್ಳಲಿಲ್ಲ. ಸೊನ್ನಲಿಗೆಗೆ ಹಿಂದಿರುಗಿ ಲೋಕೋಪಕಾರಕ್ಕೆ ತೊಡಗೆಂದು ಕಳುಹಿಸಿದನು. ಹಂಬಲವು ಹೊಳೆಯ ನೀರಿದ್ದಂತೆ. ಒಡ್ಡಿಲ್ಲದೆ ನುಗ್ಗಿದರೆ ದಂಡೆಯನ್ನು ಕೊಚ್ಚುತ್ತದೆ. ಒಡ್ಡು ಹಾಕಿ ನಿಲ್ಲಿಸಿದರೆ ಅದೇ ನೀರು ಕೆರೆಯಾಗಿ ಊರನ್ನು ಸಾಕುತ್ತದೆ. ಇಂದಿನ ಸೊಲ್ಲಾಪುರದಲ್ಲಿ ಸಿದ್ಧೇಶ್ವರನ ಗುಡಿಯನ್ನು ಸುತ್ತುವರಿದ ಕೆರೆಯನ್ನು ಕಂಡವರಿಗೆ ಈ ಮಾತು ಬರಿಯ ಉಪಮೆಯಾಗಿ ತೋರದು.

ಅಕ್ಕಮಹಾದೇವಿಯ ವಚನಗಳಲ್ಲಿಯೂ ಕಾಯುವಿಕೆಯ ತಾಪವು ಉರಿಯುತ್ತದೆ. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ನಡೆದ ಆ ಶರಣೆಯು ದಾರಿಯಲ್ಲಿ ಕಂಡ ಗಿಳಿ, ಕೋಗಿಲೆ, ದುಂಬಿಗಳನ್ನೆಲ್ಲ ತನ್ನ ಚೆನ್ನಮಲ್ಲಿಕಾರ್ಜುನನ ಸುದ್ದಿಯನ್ನು ಕೇಳುತ್ತಾಳೆ. ಸಾಮಾನ್ಯನ ಕಳವಳವು ಕಣ್ಣನ್ನು ಕುರುಡಾಗಿಸುತ್ತದೆ. ಎದುರಿಗಿದ್ದ ಮರವೂ ಹಕ್ಕಿಯೂ ಅವನಿಗೆ ಕಾಣುವುದಿಲ್ಲ. ಅಕ್ಕನ ಕಳವಳವಾದರೋ ಕಾಡಿನ ಒಂದೊಂದು ಜೀವಿಯನ್ನೂ ಕಾಣಿಸಿತು, ಮಾತನಾಡಿಸಿತು. ಕಾಯುತ್ತಲೇ ಅವಳು ನಡೆದಳು; ನಡೆಯುತ್ತಲೇ ಇದ್ದ ಸ್ಥಳದಲ್ಲಿ ಪೂರ್ಣವಾಗಿ ಇದ್ದಳು.

ಹೀಗೆ ಇದ್ದ ಸ್ಥಳದಲ್ಲಿಯೇ ಇರುವುದಕ್ಕೆ ಗೃಹಸ್ಥನಾದ ಭಕ್ತನಿಗೆ ಉಪಾಯವೇನು? ಶರಣಪಥವು ಮೂರು ಆಸರೆಗಳನ್ನು ತೋರಿಸುತ್ತದೆ: ಉಸಿರು, ಕಾಯಕ, ಪ್ರಸಾದ.

ಮೊದಲನೆಯದು ಉಸಿರು. ಯೋಗವನ್ನು ಬಲ್ಲ ಹಿರಿಯರು ಹಗಲಿರುಳಿಗೆ 21,600 ಉಸಿರುಗಳೆಂದು ಲೆಕ್ಕ ಹಾಕಿದ್ದಾರೆ. ಗಳಿಗೆಗೆ 360, ನಿಮಿಷಕ್ಕೆ 15. ವಿಶ್ರಾಂತಿಯಲ್ಲಿರುವ ವಯಸ್ಕನು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾನೆಂದು ಇಂದಿನ ವೈದ್ಯಶಾಸ್ತ್ರವೂ ಹೇಳುತ್ತದೆ. ಕಳವಳದಲ್ಲಿ ಈ ಉಸಿರು ಮೇಲೆ ಮೇಲೆ ಬಂದು ವೇಗಗೊಳ್ಳುತ್ತದೆ, ಎದೆ ಬಡಿದುಕೊಳ್ಳುತ್ತದೆ. ಮನಸ್ಸನ್ನು ನೇರವಾಗಿ ಹಿಡಿಯುವುದು ಕಷ್ಟ. ಉಸಿರು ಕೈಗೆ ಸಿಕ್ಕುವ ಹಗ್ಗ. ಅದನ್ನು ಹಿಡಿದರೆ ಮನಸ್ಸು ಕಟ್ಟಿದ ಕರುವಿನಂತೆ ಹಿಂದೆ ಬರುತ್ತದೆ. ಬೆನ್ನನ್ನು ನೇರವಾಗಿಸಿ ಕುಳಿತು, ಎದೆಯ ಮೇಲಿನ ಇಷ್ಟಲಿಂಗವನ್ನು ನೆನೆದು, ಉಸಿರನ್ನು ಒಳಗೆಳೆಯುವಾಗಲೂ ಬಿಡುವಾಗಲೂ ಷಡಕ್ಷರಿಯನ್ನು ಮನದಲ್ಲಿಯೇ ನುಡಿಯತಕ್ಕದ್ದು. ಬಿಡುವ ಉಸಿರು ಎಳೆದ ಉಸಿರಿಗಿಂತ ಸ್ವಲ್ಪ ದೀರ್ಘವಾಗಿರಲಿ. ಅದರಿಂದ ಎದೆಯ ಬಡಿತವು ಮೆಲ್ಲನೆ ಇಳಿಯುತ್ತದೆ. ಉಸಿರಿಗೊಂದರಂತೆ ರುದ್ರಾಕ್ಷಿಯ 108 ಮಣಿಗಳನ್ನು ಸರಿಸಿದರೆ ಏಳು ನಿಮಿಷಕ್ಕಿಂತ ತುಸು ಹೆಚ್ಚು ಸಮಯ ಸಲ್ಲುತ್ತದೆ. ಆದರೆ ಎಷ್ಟು ಮಾಲೆಯಾಯಿತು, ಇನ್ನೆಷ್ಟು ಉಳಿಯಿತು ಎಂದು ಎಣಿಸಲು ಹೊರಟರೆ ಮಾಲೆಯೇ ಮತ್ತೊಂದು ಗಡಿಯಾರವಾಗುತ್ತದೆ. ಒಂದು ಉಸಿರು, ಒಂದು ನಾಮ, ಅಷ್ಟೇ ಸಾಕು. ಮುಂದಿನ ಉಸಿರು ಬಂದಾಗ ಅದರ ನಾಮವೂ ಬರುತ್ತದೆ. ಪ್ರಾಣವನ್ನೇ ಲಿಂಗವಾಗಿ ಅರಿಯುವ ಪ್ರಾಣಲಿಂಗಿಸ್ಥಲದ ಎತ್ತರವು ದೂರವಿರಬಹುದು; ಅದರ ಮೊದಲ ಮೆಟ್ಟಿಲು ಆಸ್ಪತ್ರೆಯ ಬಾಕಿನ ಮೇಲೆಯೂ ಸಿಕ್ಕೀತು.

ಎರಡನೆಯದು ಕಾಯಕ. ಕೈಗಳು ಬರಿದಾದಾಗ ತಲೆಯು ಭಯದಿಂದ ತುಂಬುತ್ತದೆ. ಮುಖ್ಯವಾದ ಕೆಲಸವು ಪರರ ಕೈಯಲ್ಲಿದ್ದರೂ ತನ್ನ ಪಾಲಿನ ಸಣ್ಣ ಕೆಲಸವು ಎಲ್ಲಿಯೋ ಬಿದ್ದಿರುತ್ತದೆ. ದನಕ್ಕೆ ನೀರಿಡುವುದು, ಅಂಗಳ ಗುಡಿಸುವುದು, ದುಃಖಿತನಾದ ಬಂಧುವಿಗೆ ಊಟ ಬಡಿಸುವುದು, ಇವು ಯಾವುವೂ ಕ್ಷುಲ್ಲಕವಲ್ಲ. ಮಾಡಿದ್ದನ್ನು ಪರರ ಹಿತಕ್ಕೆ ಸಲ್ಲಿಸಿದರೆ ಅದೇ ದಾಸೋಹ.

ಆದರೆ ಇಲ್ಲಿ ಒಂದು ಎಚ್ಚರಿಕೆಯು ಅವಶ್ಯ. ಸಿದ್ಧರಾಮನು ಕೆರೆಗಳನ್ನು ಕಟ್ಟಿಸುತ್ತಿದ್ದಾಗ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದು, ಮಣ್ಣು ಅಗೆಯುವ ಒಡ್ಡನೆಂದು ಅವನನ್ನು ಕೆಣಕಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಕೆರೆ ಕಟ್ಟುವುದು ತಪ್ಪೆಂಬುದು ಪ್ರಭುಗಳ ಅಭಿಪ್ರಾಯವಾಗಿರಲಾರದು. ಹೊರಗೆ ಎಷ್ಟು ಅಗೆದರೂ ಒಳಗನ್ನು ನೋಡದಿದ್ದರೆ ನೀರು ದೊರೆಯದೆಂಬುದು ಅದರ ಇಂಗಿತ. ಆ ಮಾತು ನಾಟಿದ ಮೇಲೆ ಸಿದ್ಧರಾಮನು ಕಲ್ಯಾಣಕ್ಕೆ ಬಂದು ಚೆನ್ನಬಸವಣ್ಣನಿಂದ ಇಷ್ಟಲಿಂಗದೀಕ್ಷೆಯನ್ನು ಪಡೆದನು. ಅಂತೆಯೇ, ಕಳವಳದಿಂದ ತಪ್ಪಿಸಿಕೊಳ್ಳುವುದಕ್ಕಾಗಿಯೇ ಹಗಲಿರುಳು ಕೆಲಸದಲ್ಲಿ ಮುಳುಗುವವನು ಕಾಯಕ ಮಾಡುತ್ತಿಲ್ಲ, ಓಡುತ್ತಿದ್ದಾನೆ. ಕೆಲಸ ನಿಂತ ಕೂಡಲೆ ಬಿಟ್ಟುಬಂದ ಭಯವು ಬಾಗಿಲಲ್ಲಿಯೇ ನಿಂತಿರುತ್ತದೆ. ಮೊದಲು ಉಸಿರು, ಬಳಿಕ ಕಾಯಕವೆಂದು ಕ್ರಮವಿಟ್ಟುದು ಇದಕ್ಕಾಗಿಯೇ.

ಮೂರನೆಯದು ಪ್ರಸಾದ. ಲಿಂಗಕ್ಕೆ ಅರ್ಪಿಸಿ ಸ್ವೀಕರಿಸಿದ್ದೆಲ್ಲವೂ ಪ್ರಸಾದವೆಂಬುದು ಪ್ರತಿಯೊಂದು ಮನೆಯ ಮಕ್ಕಳೂ ಬಲ್ಲ ಮಾತು. ಅನ್ನವನ್ನು ಅರ್ಪಿಸುತ್ತಾರೆ, ಹಣ್ಣನ್ನು ಅರ್ಪಿಸುತ್ತಾರೆ. ಕಾಲವನ್ನು ಅರ್ಪಿಸಲು ಮರೆಯುತ್ತಾರೆ. ತಟ್ಟೆಯಲ್ಲಿ ಬಿದ್ದ ಪ್ರಸಾದವು ಸಿಹಿಯಾಗಿಲ್ಲವೆಂದು ಎಸೆಯುವವನು ಪ್ರಸಾದಿಯಲ್ಲ. ಹಾಗೆಯೇ ಈ ಗಳಿಗೆಯು ಬೇಡ, ಅದು ಬೇಗ ತೊಲಗಲಿ, ಮುಂದಿನದು ಬರಲಿ ಎಂದು ಹೊತ್ತನ್ನು ತಳ್ಳುವವನು ಆಯುಷ್ಯದ ಒಂದು ತುತ್ತನ್ನು ಎಸೆದಂತೆಯೇ ಸರಿ. ಕಹಿಯಾದ ಗಳಿಗೆಯು ಸಿಹಿಯೆಂದು ಹೇಳಬೇಕಾಗಿಲ್ಲ. ಕಹಿಯಾಗಿದೆಯೆಂದು ಅರಿತೇ ಅರ್ಪಿಸಬಹುದು. ಬೇವೂ ಲಿಂಗಕ್ಕೆ ಸಲ್ಲುತ್ತದೆ.

ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದುತಂದಾಗ, ಲಕ್ಕಮ್ಮನು ಅದನ್ನು ಒಪ್ಪದೆ ಹಿಂದಕ್ಕೆ ಸುರಿದುಬರಲು ಹೇಳಿದಳು. ಅಂದಿನ ಕಾಯಕಕ್ಕೆ ಅಂದಿನ ಅಕ್ಕಿ ಸಾಕು. ಈ ಪ್ರಸಂಗವನ್ನು ಆಸೆಯ ನಿಷೇಧವೆಂದು ಮಾತ್ರ ಓದುವುದು ರೂಢಿ. ಆದರೆ ಭಯಕ್ಕೂ ಇದು ಅನ್ವಯಿಸುತ್ತದೆ. ನಾಳಿನ ಅಕ್ಕಿಯನ್ನು ಇಂದೇ ಹೊತ್ತುತರುವುದು ಆಸೆ. ನಾಳಿನ ದುಃಖವನ್ನು ಇಂದೇ ಹೊತ್ತುತರುವುದು ಕಳವಳ. ಎರಡೂ ಇಂದಿನ ಮಡಿಲಿಗೆ ಮೀರಿದ ಹೊರೆಗಳೇ. ದುಃಖವು ನಾಳೆ ಬಂದದ್ದೇ ಆದರೆ ಅದನ್ನು ತಾಳುವ ಬಲವನ್ನೂ ನಾಳೆಯೇ ಆಯ್ದುಕೊಳ್ಳಬೇಕು. ಇಂದೇ ಕೂಡಿಡಲು ಬಾರದು. ಬರಬೇಕಾದುದನ್ನು ಅಂಜದೆ ಎದುರುಗೊಳ್ಳುವ ಧೈರ್ಯವನ್ನು ಬಸವಣ್ಣನವರು ಬೋಧಿಸಿದರು. ಆ ಧೈರ್ಯವೆಂದರೆ ಕೆಟ್ಟದ್ದು ಬರಲಾರದೆಂಬ ಭರವಸೆಯಲ್ಲ. ಬಂದಾಗ ತಾನು ಒಬ್ಬನೇ ಇರಲಾರೆನೆಂಬ ನಂಬುಗೆ.

ಕಾಯುವವನ ದೌರ್ಬಲ್ಯವನ್ನು ಬಳಸಿಕೊಳ್ಳುವ ಮಾರ್ಗಗಳೂ ಲೋಕದಲ್ಲಿವೆ. ಗಳಿಗೆಯು ಸಾಗದಾದಾಗ ಮನಸ್ಸು ನಿಮಿತ್ತ ಹೇಳುವವನ ಬಾಗಿಲಿಗೆ ಓಡುತ್ತದೆ. ಒಳ್ಳೆಯ ಹೊರೆ ಯಾವುದು, ಕೆಟ್ಟ ವಾರ ಯಾವುದೆಂದು ಕೇಳುತ್ತದೆ. ಶರಣರು ತಿಥಿ, ವಾರ, ಮುಹೂರ್ತಗಳ ಭಯವನ್ನು ಎಂಟು ನೂರು ವರ್ಷಗಳ ಹಿಂದೆಯೇ ಕಿತ್ತೊಗೆದರು. ಶಿವನನ್ನು ನೆನೆದ ಗಳಿಗೆಯೇ ಶುಭಗಳಿಗೆಯೆಂದು ಸಾರಿದರು. ದೇವರೊಡನೆ ವ್ಯಾಪಾರಕ್ಕಿಳಿದು, ಇದಾದರೆ ಅದನ್ನು ಕೊಡುವೆನೆಂದು ಹರಕೆ ಹೊರುವುದೂ ಕಳವಳವನ್ನು ಶಮನಗೊಳಿಸದು. ಹರಕೆಯು ಸಾಲದಾಯಿತೇನೋ ಎಂಬ ಹೊಸ ಕಳವಳವನ್ನೇ ಹುಟ್ಟಿಸುತ್ತದೆ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಕಾರಣವು ಕಳೆದ ಮೇಲೂ ಕಳವಳವು ವಾರಗಟ್ಟಲೆ ಬಿಡದೆ, ನಿದ್ದೆಯನ್ನೂ ಊಟವನ್ನೂ ಕೆಡಿಸುತ್ತಿದ್ದರೆ, ಅಥವಾ ಬಾಳೇ ಬೇಡವೆಂಬ ಭಾವವು ಸುಳಿದರೆ, ಅದನ್ನು ಬಚ್ಚಿಡದೆ ಮನೆಯವರಿಗೆ ತಿಳಿಸಿ ಕೂಡಲೆ ವೈದ್ಯರನ್ನು ಕಾಣತಕ್ಕದ್ದು. ಕಮರಿಯ ಅಂಚಿನಲ್ಲಿ ನಿಂತ ಬಾಲಕನಿಗೂ ಹಿಡಿದೆಳೆಯುವ ಒಂದು ಕೈ ಬೇಕಾಯಿತು. ಜ್ವರಕ್ಕೆ ಔಷಧವನ್ನು ಕುಡಿಯುವವನು ಭಕ್ತಿಹೀನನಲ್ಲದಿದ್ದರೆ, ಮನಸ್ಸಿನ ಬೇನೆಗೆ ಔಷಧವನ್ನು ಕುಡಿಯುವವನೂ ಭಕ್ತಿಹೀನನಲ್ಲ. ಕಾಯವು ಪ್ರಸಾದಕಾಯವೆಂದ ಮೇಲೆ ಅದರ ರಕ್ಷಣೆಯೂ ಪೂಜೆಯೇ ಸರಿ.

ಬಾಕಿನ ಮೇಲಿದ್ದ ಗೃಹಸ್ಥನು ತಾಯಿಯ ಮಾತನ್ನು ಕೇಳಿ ಎದ್ದನು. ಉಪಾಹಾರಗೃಹದಿಂದ ಇಡ್ಲಿ ತಂದು ಅಳಿಯನ ಮುಂದಿಟ್ಟು, “ಉಣ್ಣಿರಿ, ಅವಳು ಎದ್ದಾಗ ನಿಮ್ಮನ್ನೇ ಮೊದಲು ಕೇಳುತ್ತಾಳೆ” ಎಂದನು. ಅಳಿಯನು ಮೊದಲು ಬೇಡವೆಂದನು, ಬಳಿಕ ತಿಂದನು. ಎದುರು ಬಾಕಿನ ಮೇಲೆ ಹಳ್ಳಿಯ ಮುದುಕನೊಬ್ಬನು ಔಷಧದ ಚೀಟಿಯನ್ನು ತಿರುಗಾಮುರುಗಾ ಹಿಡಿದು ನೋಡುತ್ತಿದ್ದನು. ಗೃಹಸ್ಥನು ಅದನ್ನು ಓದಿ ಹೇಳಿ, ಔಷಧದ ಅಂಗಡಿಯವರೆಗೆ ಜೊತೆಗೆ ಹೋಗಿ ಬಂದನು. ಮರಳಿ ಬಂದು ತಾಯಿಯ ಪಕ್ಕದಲ್ಲಿ ಕುಳಿತು ಕಣ್ಣುಮುಚ್ಚಿದನು. ಮನಸ್ಸು ಮುಚ್ಚಿದ ಬಾಗಿಲಿನತ್ತ ಓಡಿತು. ಉಸಿರಿನೊಡನೆ ಹಿಂದಕ್ಕೆ ಕರೆದನು. ಮತ್ತೆ ಓಡಿತು, ಮತ್ತೆ ಕರೆದನು. ಬಾಗಿಲು ತೆರೆದಾಗ ಗಡಿಯಾರವು ಹನ್ನೆರಡೂವರೆಯನ್ನು ತೋರಿಸುತ್ತಿತ್ತು. ಅವನು ಅದನ್ನು ಗಮನಿಸಲಿಲ್ಲ.

ಶಸ್ತ್ರಚಿಕಿತ್ಸೆಯು ಮುಗಿಯಿತೆಂದೂ ಇನ್ನೊಂದು ರಾತ್ರಿ ಕಳೆಯುವವರೆಗೆ ಏನನ್ನೂ ಖಚಿತವಾಗಿ ಹೇಳಲಾಗದೆಂದೂ ವೈದ್ಯರು ತಿಳಿಸಿದರು. ಗೃಹಸ್ಥನ ಮುಖವು ಬಾಡಿತು. ಕಾಯುವುದು ಮುಗಿಯಿತೆಂದುಕೊಂಡವನಿಗೆ ಅದು ಮತ್ತೆ ಮೊದಲಿನಿಂದ ತೊಡಗಿದಂತಾಯಿತು. ತಾಯಿಯು ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು: “ಹಾಗಾದರೆ ಸರದಿ ಹಚ್ಚಿಕೊಳ್ಳೋಣಪ್ಪಾ. ನಡುರಾತ್ರಿಯವರೆಗೆ ನಾನು ಕೂಡುತ್ತೇನೆ, ನೀನು ಮಲಗು. ಆಮೇಲೆ ನಿನ್ನನ್ನು ಎಬ್ಬಿಸುತ್ತೇನೆ.”

ಸಂಸಾರಿಯು ಕಾಯುವುದನ್ನು ತಪ್ಪಿಸಿಕೊಳ್ಳಲಾರನು. ಪ್ರೀತಿಯಿರುವವರೆಗೆ ಕಾಯುವಿಕೆಯೂ ಇದ್ದೇ ಇರುತ್ತದೆ. ಆದರೆ ಕಾಯುವ ರಾತ್ರಿಯನ್ನು ಒಬ್ಬನೇ ಹೊರಬೇಕಾಗಿಲ್ಲ; ಇಡಿಯಾಗಿ ಒಮ್ಮೆಲೇ ಹೊರಬೇಕಾಗಿಯೂ ಇಲ್ಲ. ಉಸಿರು ಉಸಿರಾಗಿ ಅದು ಬರುತ್ತದೆ. ಉಸಿರು ಉಸಿರಾಗಿಯೇ ಅದನ್ನು ಲಿಂಗಕ್ಕೆ ಒಪ್ಪಿಸಬಹುದು. ಕಾಯುತ್ತಿರುವ ಎಲ್ಲ ಮನೆಗಳಿಗೂ ಗುರುಬಸವಣ್ಣನವರ ಕೃಪೆಯು ಆ ತಾಳ್ಮೆಯನ್ನು ಕರುಣಿಸಲಿ.